ಜೀವ ಇದೆಯೋ ಅನಿಸುವ ಜಪಾನಿ ಬೊಂಬೆಮುಖ: ನಮ್ಮ ಕರಾವಳಿಯ ಸೆಕೆಯಲ್ಲಿ ಮಾಡುವ ಬಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಭೂತದ ಸಿನಿಮಾಕ್ಕೆ ಬೊಂಬೆ ಮಾಡುವ ಪಾಠ ಅಲ್ಲ. ಕಣ್ಣಲ್ಲಿ ರಕ್ತ, ಹರಿದ ಬಾಯಿ, ಕೆದರಿದ ಕೂದಲು ಬೇಕಿದ್ದರೆ ಒಂದು ಪ್ಲಾಸ್ಟಿಕ್ ಬೊಂಬೆ ಮತ್ತು ಒಂದು ಡಬ್ಬಿ ಪೇಂಟ್ ಸಾಕು. ಜಪಾನಿನ ಕಲಾ ಬೊಂಬೆಗಳನ್ನು ನೋಡುವಾಗ ಬೆನ್ನಲ್ಲಿ ಸಣ್ಣ ಚಳುಕು ಬರುತ್ತದಲ್ಲ, ಅದರ ದಾರಿಯೇ ಬೇರೆ. ಮುಖ ಚಂದ ಇರುತ್ತದೆ. ಚರ್ಮ ನುಣುಪು. ಬಟ್ಟೆ ಚೊಕ್ಕ. ಹುಡುಕಿದರೂ ಒಂದು ಕುಂದು ಸಿಗುವುದಿಲ್ಲ. ಆದರೂ ಕೋಣೆಯಿಂದ ಹೊರಗೆ ಹೋಗುವಾಗ ಒಮ್ಮೆ ತಿರುಗಿ ನೋಡೋಣ ಅನಿಸುತ್ತದೆ. ಮಾಡುವವರು ಮುಖಕ್ಕೆ ಭಾವ ಕೊಡುವುದನ್ನು ಅರ್ಧದಲ್ಲಿ ನಿಲ್ಲಿಸಿರುತ್ತಾರೆ, ಉಳಿದದ್ದನ್ನು ನಾವೇ ತುಂಬಿಕೊಂಡು ನಾವೇ ಹೆದರುತ್ತೇವೆ. ಆ ನಿಲ್ಲಿಸುವ ಜಾಗಗಳು ಯಾವುವು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇಡೀ ಬೊಂಬೆ ಬೇಡ. ಒಂದು ತಲೆ ಮಾಡೋಣ, ಸುಮಾರು 8 ಸೆಂಟಿಮೀಟರ್ ಎತ್ತರದ್ದು. ಮೈ, ಕೈ, ಕೀಲು ಎಲ್ಲ ಆಮೇಲೆ. ಕೀಲಿನ ಬೊಂಬೆಯದ್ದು ಬೇರೆಯೇ ಕಥೆ. ಜರ್ಮನಿಯ ಹಾನ್ಸ್ ಬೆಲ್ಮರ್ 1930ರ ದಶಕದಲ್ಲಿ ಮಾಡಿದ ಗುಂಡು ಕೀಲಿನ ಬೊಂಬೆಯ ಫೋಟೋವನ್ನು 1965ರಲ್ಲಿ ಒಂದು ಪತ್ರಿಕೆಯಲ್ಲಿ ನೋಡಿ ಯೋತ್ಸುಯಾ ಸಿಮೊನ್ ಎಂಬ ಬೊಂಬೆ ಕಲಾವಿದರು ತಮ್ಮ ಹಳೆಯ ದಾರಿಯನ್ನೇ ಬಿಟ್ಟರು. 1978ರಲ್ಲಿ ಅವರು ಟೋಕಿಯೋದಲ್ಲಿ ಬೊಂಬೆ ಶಾಲೆಯನ್ನೂ ತೆರೆದರು. ಈಗಿನ ಜಪಾನಿ ಕಲಾ ಬೊಂಬೆಗಳ ಒಂದು ದೊಡ್ಡ ಕವಲು ಅಲ್ಲಿಂದ ಬಂತು. ನಾವು ಹಿಡಿಯುವುದು ಅದಕ್ಕಿಂತ ಹಳೆಯ ಕೈಕೆಲಸ: ಮರದ ಹುಡಿಯ ತಲೆ, ಗಾಜಿನ ಕಣ್ಣು, ಮೇಲೆ ಚಿಪ್ಪಿನ ಬಿಳಿ. ಮಕ್ಕಳ ಮುಖದ ಹಳೆಯ ಇಚಿಮಾತ್ಸು ಬೊಂಬೆಗಳು ಹೆಚ್ಚಾಗಿ ಹೀಗೆಯೇ ಆದವು. 1927ರಲ್ಲಿ ಜಪಾನ್ ಅಮೆರಿಕಕ್ಕೆ ಸ್ನೇಹದ ಉಡುಗೊರೆಯಾಗಿ ಕಳಿಸಿದ 58 ದೊಡ್ಡ ಬೊಂಬೆಗಳೂ ಇದೇ ಜಾತಿಯವು.

ಕೈಗೆ ಹುಡಿ ಹತ್ತುವ ಮೊದಲು ಒಂದು ಮಾತು ತಲೆಯಲ್ಲಿರಲಿ. ಮಾಸಾಹಿರೊ ಮೋರಿ ಎಂಬ ರೋಬೋಟ್ ತಜ್ಞರು 1970ರಲ್ಲಿ ಒಂದು ಲೇಖನ ಬರೆದರು. ವಸ್ತು ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಇಷ್ಟವಾಗುತ್ತಾ ಹೋಗುತ್ತದೆ, ಇನ್ನೇನು ಪೂರ್ತಿ ಮನುಷ್ಯನೇ ಅನ್ನುವ ಹೊತ್ತಿಗೆ ಆ ಇಷ್ಟ ದಢಕ್ಕನೆ ಕುಸಿದು ಅಸಹ್ಯವಾಗುತ್ತದೆ, ಅದು ಅಲುಗಾಡಿದರೆ ಕುಸಿತ ಇನ್ನೂ ಆಳ, ಅಂತ ಅವರ ವಾದ. ವಿನ್ಯಾಸ ಮಾಡುವವರಿಗೆ ಅವರು ಕೊಟ್ಟ ಸಲಹೆಯೂ ಸರಳ: ಪೂರ್ತಿ ಮನುಷ್ಯನ ಬೆನ್ನು ಹತ್ತಬೇಡಿ. ನಮಗೆ ಬೇಕಾದ್ದು ಆ ಕುಸಿತದ ಅಂಚು. ಹಾಗಾಗಿ ಚರ್ಮದ ರಂಧ್ರ, ಸುಕ್ಕು, ನರ, ಬೆವರಿನ ಹೊಳಪು ಇದೆಲ್ಲ ಮಾಡಲು ಹೋಗಬೇಡಿ. ಕಣ್ಣು ಪೂರ್ತಿ ನಿಜ ಇರಲಿ, ಚರ್ಮ ಮಾತ್ರ ನಿಜಕ್ಕಿಂತ ಒಂದು ಮೆಟ್ಟಿಲು ಹಿಂದೆ ನಿಲ್ಲಲಿ. ಎರಡೂ ಒಂದೇ ಮಟ್ಟಕ್ಕೆ ಬಂದರೆ ಅದು ಮೇಣದ ಪ್ರತಿಮೆ ಆಗುತ್ತದೆ, ಜನ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯುತ್ತಾರೆ ಅಷ್ಟೇ.

ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ನೋಡಿದವರಿಗೆ ಇದರ ಉಲ್ಟಾ ಚೆನ್ನಾಗಿ ಗೊತ್ತು. ಅಲ್ಲಿ ಕಣ್ಣು ಅಗಲ, ಬಣ್ಣ ಗಾಢ, ದೂರದಿಂದ ಕಾಣಬೇಕು, ಕುಣಿಯಬೇಕು. ಎದುರು ಕೂತ ಮಕ್ಕಳು ನಗುತ್ತಾರೆ, ಯಾರೂ ಹೆದರುವುದಿಲ್ಲ.

ಕಾಲ ನೋಡಿ ಕೈ ಹಾಕಿ

ಅಡಿಕೆ ಅಂಗಳಕ್ಕೆ ಬೀಳುವ ಕಾಲದಲ್ಲಿ ಶುರು ಮಾಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ, ವಿಷುವಿನ ಒಳಗೆ ಮುಗಿಯುವ ಹಾಗೆ. ಆಟಿ ತಿಂಗಳ ಮಳೆಯಲ್ಲಂತೂ ಬೇಡವೇ ಬೇಡ. ಗೋಡೆಯೇ ಬೆವರುವ ತಿಂಗಳಲ್ಲಿ ಅಂಟು ಕೊಳೆಯುತ್ತದೆ, ಹುಡಿ ಒಣಗುವುದಿಲ್ಲ, ತಲೆಯ ಮೇಲೆ ಕೂದಲು ಬರುವ ಮೊದಲು ಬೂಸ್ಟು ಬರುತ್ತದೆ.

ಜಪಾನಿನಲ್ಲಿ ಕಿರಿ ಎಂಬ ಹಗುರ ಮರದ ಹುಡಿಯನ್ನು ಗೋಧಿ ಪಿಷ್ಟದ ಅಂಟಿನಲ್ಲಿ ಕಲಸುತ್ತಾರೆ. ಇಲ್ಲಿ ಮರದ ಮಿಲ್ಲಿನಲ್ಲಿ ಹಾಲೆ ಮರದ ಹುಡಿ ಇದೆಯಾ ಕೇಳಿ, ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುತ್ತೇವಲ್ಲ ಅದೇ ಮರ. ಮೆತ್ತಗೆ, ಹಗುರ, ಬಣ್ಣವೂ ಬಿಳಿಚು. ತೇಗದ ಹುಡಿ ತರಬೇಡಿ. ಅದರಲ್ಲಿ ಎಣ್ಣೆ ಇರುತ್ತದೆ, ಕಂದು ಬಣ್ಣ ಮೇಲಿನ ಬಿಳಿಯ ವರೆಗೂ ಹತ್ತುತ್ತದೆ. ಹುಡಿಯನ್ನು ಬಟ್ಟೆಯಲ್ಲಿ ಸೋಸಿ. ಮೈದಾ ಅಂಟು ದಪ್ಪಗೆ ಕಾಯಿಸಿ. ಅದಕ್ಕೆ ಚಿಟಿಕೆ ಮೈಲುತುತ್ತು ಹಾಕಿದರೆ ಜಿರಳೆ, ಬೆಳ್ಳಿಹುಳ ಹತ್ತಿರ ಬರುವುದಿಲ್ಲ. ಪುಸ್ತಕ ಬೈಂಡ್ ಮಾಡುವವರ ಹಳೆಯ ಉಪಾಯ ಇದು. ಅಡಿಕೆ ತೋಟ ಇರುವ ಮನೆಯಲ್ಲಿ ಬೋರ್ಡೋ ಸಿಂಪಡಿಸಿ ಉಳಿದ ಮೈಲುತುತ್ತು ಹೇಗೂ ಇರುತ್ತದೆ. ಆದರೆ ಅದು ವಿಷ, ನೆನಪಿರಲಿ. ಅಡುಗೆಯ ಪಾತ್ರೆ ಮುಟ್ಟಬೇಡಿ, ಗ್ಲೌಸ್ ಹಾಕಿ, ಮಕ್ಕಳ ಕೈಗೆ ಕೊಡಬೇಡಿ.

ಹುಡಿಯನ್ನು ಈ ಅಂಟಿನಲ್ಲಿ ಕಲಸಿ. ಕಲಸಿದ್ದನ್ನು ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಥರ್ಮಾಕೋಲಿನ ಮೊಟ್ಟೆಯಾಕಾರದ ತುಂಡಿನ ಮೇಲೆ ಒಂದು ಬೆರಳಿನ ದಪ್ಪಕ್ಕೆ ಮೆತ್ತಿ. ನೆರಳಲ್ಲಿ, ಗಾಳಿ ಆಡುವ ಜಗಲಿಯಲ್ಲಿ ಒಣಗಲಿ. ನೇರ ಬಿಸಿಲಿಗೆ ಇಟ್ಟರೆ ಬಿರುಕು ಖಂಡಿತ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗುತ್ತದೆ, ಆದರೆ ಹೊಗೆಗೆ ಹಳದಿ ತಿರುಗುತ್ತದೆ.

ಅಳತೆ ಹೆಚ್ಚು ಹೇಳುವುದಿಲ್ಲ. ಮುಖದ ಅಗಲ ಐದು ಕಣ್ಣಿನಷ್ಟು, ಎರಡು ಕಣ್ಣಿನ ನಡುವೆ ಒಂದು ಕಣ್ಣಿನ ಜಾಗ. ದೊಡ್ಡವರ ಮುಖದಲ್ಲಿ ಕಣ್ಣಿನ ಗೆರೆ ತಲೆಯ ಸರಿ ಮಧ್ಯಕ್ಕೆ ಬರುತ್ತದೆ, ಬೊಂಬೆಗೆ ಅದಕ್ಕಿಂತ ಸ್ವಲ್ಪ ಕೆಳಗೆ ಇಡಿ. ಮಗುವೋ ದೊಡ್ಡವರೋ ಗೊತ್ತಾಗದ ಮುಖ ಆಗುತ್ತದೆ. ಎಡ ಬಲ ತದ್ರೂಪ ಮಾಡಬೇಡಿ. ಒಂದು ರೆಪ್ಪೆ ಕೂದಲೆಳೆಯಷ್ಟು ಕೆಳಗಿರಲಿ. ಕನ್ನಡಿಯಲ್ಲಿ ಹಿಡಿದು ನೋಡಿದಾಗ ಬೇರೆಯೇ ಮುಖ ಕಂಡರೆ ಅತಿಯಾಯಿತು ಅಂತ ಅರ್ಥ. ಪೂರ್ತಿ ಒಣಗಿದ ಮೇಲೆ ಕಿವಿಯ ಹಿಂದಿನಿಂದ ನೆತ್ತಿಯ ಮೂಲಕ ಗರಗಸ ಆಡಿಸಿ ತಲೆಯನ್ನು ಎರಡು ಹೋಳು ಮಾಡಿ, ಥರ್ಮಾಕೋಲು ಕೆರೆದು ತೆಗೆಯಿರಿ. ಕಣ್ಣಿನ ಜಾಗಕ್ಕೆ ತೂತು ಬಿಡಿಸಿ, ಕಣ್ಣು ಕೂರಿಸುವುದು ಒಳಗಿನಿಂದ.

ಕಣ್ಣು

ಇಲ್ಲಿ ಅವಸರ ಮಾಡಿದರೆ ಮುಂದೆ ಏನು ಮಾಡಿದರೂ ಪ್ರಯೋಜನ ಇಲ್ಲ.

ಜಪಾನಿನ ಬೌದ್ಧ ಮೂರ್ತಿಗಳಿಗೆ ಸ್ಫಟಿಕದ ಕಣ್ಣು ಕೂರಿಸುವ ರೂಢಿ 12ನೇ ಶತಮಾನದಿಂದ ಇದೆ. ಇಸವಿ ಗೊತ್ತಿರುವವುಗಳಲ್ಲಿ ಎಲ್ಲಕ್ಕಿಂತ ಹಳೆಯದು ನಾರಾ ಪ್ರಾಂತ್ಯದ ಚೋಗಾಕುಜಿ ದೇವಾಲಯದ ಅಮಿದಾ ಮೂರ್ತಿಗಳು, 1151ರವು. ಸ್ಫಟಿಕವನ್ನು ತೆಳ್ಳಗೆ ಕಡೆದು, ಅದರ ಹಿಂಬದಿಯಲ್ಲಿ ಕಣ್ಣಿನ ಪಾಪೆ ಬರೆದು, ಅದರ ಹಿಂದೆ ಬಿಳಿ ಕಾಗದ ಅಥವಾ ಹತ್ತಿ ಇಟ್ಟು, ಮೂರ್ತಿಯ ತಲೆಯ ಒಳಗಿನಿಂದ ಕೂರಿಸುತ್ತಿದ್ದರು. ನಾವೂ ಅದನ್ನೇ ಮಾಡುವುದು, ಸ್ಫಟಿಕದ ಬದಲು ಗಾಜು.

ಒಡವೆ ಮಾಡುವ ಸಾಮಾನು ಮಾರುವಲ್ಲಿ ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ ಇರುವ ಗಾಜಿನ ಬಿಲ್ಲೆ ಸಿಗುತ್ತದೆ, ಆನ್‌ಲೈನಿನಲ್ಲೂ ಇದೆ. 14 ಮಿಲಿಮೀಟರಿನದ್ದು ಸಾಕು. ಚಪ್ಪಟೆ ಬದಿಗೆ ಬಣ್ಣ ಬರೆಯಬೇಕು, ಮತ್ತು ಉಲ್ಟಾ ಕ್ರಮದಲ್ಲಿ ಬರೆಯಬೇಕು. ಮೊದಲು ಕಪ್ಪು ಪಾಪೆಯ ಚುಕ್ಕೆ. ಅದು ಒಣಗಿದ ಮೇಲೆ ಅದರ ಸುತ್ತ ಕಡ್ಡಿಯಂಥ ಸಣ್ಣ ಗೆರೆಗಳು, ಆಮೇಲೆ ಅದರ ಮೇಲೆ ಕಂದು, ಕೊನೆಗೆ ಹೊರಗಿನ ಬಿಳಿ. ಬಿಳಿ ಅಂದರೆ ಬಿಳಿಯೇ ಅಲ್ಲ. ಒಂದು ಹನಿ ಹಳದಿ, ಮೂಗಿನ ಬದಿಯ ಮೂಲೆಯಲ್ಲಿ ಕಂಡೂ ಕಾಣದಷ್ಟು ಕೆಂಪು. ಹಿಂದೆ ತೆಳು ಬಿಳಿ ಕಾಗದ ಅಂಟಿಸಿ. ಈಗ ತಿರುಗಿಸಿ ಉಬ್ಬು ಬದಿಯಿಂದ ನೋಡಿ. ಪಾಪೆ ಗಾಜಿನ ಆಳದಲ್ಲಿ ಕೂತಿರುತ್ತದೆ. ನೀವು ಪಕ್ಕಕ್ಕೆ ಸರಿದರೆ ಗಾಜಿನಲ್ಲಿ ಬೆಳಕು ಬಾಗಿ, ಕಣ್ಣೂ ಸ್ವಲ್ಪ ನಿಮ್ಮ ಜೊತೆ ಹೊರಳಿದ ಹಾಗೆ ಕಾಣುತ್ತದೆ.

ರೆಸಿನ್ ಸುರಿದು ಕಣ್ಣು ಮಾಡೋಣ ಅನ್ನುವವರಿಗೆ ಒಂದು ಮಾತು. ನಮ್ಮ ಕಡೆಯ ತೇವಕ್ಕೆ ಎಪಾಕ್ಸಿ ರೆಸಿನ್ ಮಬ್ಬಾಗಬಹುದು, ಮೇಲ್ಮೈ ಅಂಟಂಟು ಉಳಿಯಬಹುದು. ಮೋಡದ ದಿನ ಸುರಿಯಬೇಡಿ.

ಇನ್ನು ಕೂರಿಸುವುದು. ಮೊದಲು ಮಕ್ಕಳ ಬಣ್ಣದ ಕ್ಲೇಯಲ್ಲಿ ತಾತ್ಕಾಲಿಕವಾಗಿ ಮೆತ್ತಿ, ತಲೆಯ ಮುಂಭಾಗವನ್ನು ಒಂದು ಲೋಟದ ಮೇಲೆ ನಿಮ್ಮ ಕಣ್ಣಿನ ಮಟ್ಟಕ್ಕೆ ಇಡಿ. ಎರಡೂ ಕಣ್ಣು ನಿಮ್ಮ ಮೂಗಿನ ತುದಿಯನ್ನೇ ನೋಡುವ ಹಾಗೆ ತಿರುಗಿಸಿ. ಬೊಂಬೆ ಈಗ ನಿಮ್ಮನ್ನು ಗುರುತಿಸಿದ ಹಾಗೆ, ಇನ್ನೇನು ಮಾತಾಡುವ ಹಾಗೆ ಕಾಣುತ್ತದೆ. ಸೌಮ್ಯ ಮುಖ. ಅಂಗಡಿಯ ಬೊಂಬೆಗಳು ಇಲ್ಲಿಗೇ ನಿಲ್ಲುತ್ತವೆ. ಈಗ ಸೂಜಿಯ ತುದಿಯಲ್ಲಿ ಎರಡೂ ಕಣ್ಣನ್ನು ಒಂದು ಎಳೆಯಷ್ಟು ಹೊರಗೆ ತಳ್ಳಿ. ಹತ್ತಿರದ್ದನ್ನು ನೋಡುವಾಗ ಮನುಷ್ಯರ ಕಣ್ಣು ಒಳಮುಖ ಆಗುತ್ತದೆ, ದೂರ ನೋಡುವಾಗ ಎರಡೂ ಸಮಾಂತರ ಆಗುತ್ತವೆ. ಹಾಗಾಗಿ ಬೊಂಬೆ ಈಗ ನಿಮ್ಮನ್ನು ನೋಡುತ್ತಿಲ್ಲ, ನಿಮ್ಮನ್ನು ದಾಟಿ ಹಿಂದಿನ ಏನನ್ನೋ ನೋಡುತ್ತಿದೆ. ಮುಖದಲ್ಲಿ ಬೇರೆ ಏನೂ ಬದಲಾಗಿಲ್ಲ. ನಮ್ಮ ಮನೆಯಲ್ಲಿ ಚಿಕ್ಕಮ್ಮ ಚಹಾ ಇಡಲು ಬಂದವರು ಈ ಹಂತದಲ್ಲಿ ಒಮ್ಮೆ ತಿರುಗಿ ಬಾಗಿಲು ನೋಡಿದರು, ಆಮೇಲೆ "ಇದಕ್ಕೆ ಒಂದು ಬಟ್ಟೆ ಮುಚ್ಚಿಡು ಮಾರಾಯ" ಅಂದರು. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಒಂದು ಎಳೆ ತಳ್ಳಿದರೆ ಮೆಳ್ಳೆಗಣ್ಣು ಆಗಿ ನಗು ಬರುತ್ತದೆ. ಸರಿಯಾಯಿತು ಅನಿಸಿದಾಗ ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಿ, ಎಂ-ಸೀಲ್ ಹಾಕಿ ಗಟ್ಟಿ ಮಾಡಿ. ತಲೆಯ ಎರಡೂ ಹೋಳು ಸೇರಿಸಿ ಸಂದಿಯನ್ನು ಅಂಟಿನಲ್ಲಿ ಕಲಸಿದ ಹುಡಿಯಿಂದ ಮುಚ್ಚಿ.

ಚಿಪ್ಪಿನ ಬಿಳಿ

ಜಪಾನಿ ಬೊಂಬೆಯ ಚರ್ಮದ ಗುಟ್ಟು ಗೊಫುನ್. ಸಿಂಪಿ ಚಿಪ್ಪನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ನುಣ್ಣಗೆ ಅರೆದು ಮಾಡುವ ಪುಡಿ. ಕರಾವಳಿಯವರಾದ ನಮಗೆ ಚಿಪ್ಪು ಅಂದ ಕೂಡಲೇ ಚಿಪ್ಪಿನ ಸುಣ್ಣ ನೆನಪಾಗುತ್ತದೆ. ಅದು ಬೇಡ. ಎಲೆಅಡಿಕೆಗೆ ಹಚ್ಚುವ ಸುಣ್ಣ ಚಿಪ್ಪನ್ನು ಸುಟ್ಟು ಮಾಡಿದ್ದು, ಕೈ ಸುಡುತ್ತದೆ, ಅಂಟನ್ನೂ ಕೆಡಿಸುತ್ತದೆ. ಗೊಫುನ್ ಸುಡದೆ ಅರೆದದ್ದು, ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ಅಸಲಿ ಸಿಗದಿದ್ದರೆ ರಾಸಾಯನಿಕ ಅಂಗಡಿಯಿಂದ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತನ್ನಿ, ಮಂಗಳೂರಿನಲ್ಲಿ ಸಿಗುತ್ತದೆ. ಅಸಲಿಯ ಮೃದು ಹೊಳಪು ಪೂರ್ತಿ ಬರುವುದಿಲ್ಲ, ಹತ್ತಿರ ಬರುತ್ತದೆ.

ಅಂಟು ಪ್ರಾಣಿಗಳ ಚರ್ಮದಿಂದ ಮಾಡಿದ್ದು. ಹಿಂದೆ ಬಡಗಿಗಳು ಮರವಜ್ರ ಅನ್ನುತ್ತಿದ್ದರಲ್ಲ, ಅದೇ. ಸಾದಾ ಜೆಲಾಟಿನ್ ಕೂಡ ಆಗುತ್ತದೆ. 100 ಮಿಲಿ ನೀರಿಗೆ 10 ಗ್ರಾಂ ಹಾಕಿ ನೆನೆಸಿ, ಬಿಸಿ ನೀರಿನ ಪಾತ್ರೆಯ ಒಳಗಿಟ್ಟು ಕರಗಿಸಿ. ಕುದಿಸಬೇಡಿ, ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಸಸ್ಯಾಹಾರಿ ಮನೆಯಾದರೆ ಅಡುಗೆಮನೆಗೆ ಹೋಗುವ ಧೈರ್ಯ ಮಾಡದೆ ಜಗಲಿಯಲ್ಲೇ ಒಂದು ಇಂಡಕ್ಷನ್ ಒಲೆ ಇಟ್ಟುಕೊಳ್ಳುವುದು ಒಳ್ಳೆಯದು. ಇದು ಬೇಡವೇ ಬೇಡ ಅನ್ನುವವರು ಫೆವಿಕಾಲ್ ನೀರು ಮಾಡಿ ಬಳಸಬಹುದು. ಆದರೆ ಅದು ಪ್ಲಾಸ್ಟಿಕ್ಕಿನ ಹಾಗೆ ಮಿಂಚುತ್ತದೆ, ಮುಂದೆ ಕಣ್ಣು ಬಿಡಿಸುವಾಗ ಕತ್ತಿಗೂ ಸರಿಯಾಗಿ ಬಗ್ಗುವುದಿಲ್ಲ.

ಪುಡಿಗೆ ಬೆಚ್ಚಗಿನ ಅಂಟನ್ನು ಹನಿ ಹನಿಯಾಗಿ ಸೇರಿಸಿ ಗಟ್ಟಿ ಉಂಡೆ ಮಾಡಿ. ಅದನ್ನು ಬಟ್ಟಲಿಗೆ ಬಡಿದು ಬಡಿದು ನಾದಿ. ಜಪಾನಿನಲ್ಲಿ ನೂರು ಸಲ ಬಡಿಯಬೇಕು ಅನ್ನುತ್ತಾರೆ. ಆಮೇಲೆ ಬೆಚ್ಚಗಿನ ನೀರಲ್ಲಿ ಹಾಲಿನ ಹದಕ್ಕೆ ತನ್ನಿ. ಮೊದಲು ಒಂದು ಮರದ ಚೂರಿಗೆ ಹಚ್ಚಿ ಒಣಗಿಸಿ ಪರೀಕ್ಷೆ ಮಾಡಿ. ಉಜ್ಜಿದಾಗ ಬೆರಳಿಗೆ ಬಿಳಿ ಹತ್ತಿದರೆ ಅಂಟು ಕಡಿಮೆ, ಬಿರುಕು ಬಿಟ್ಟು ಎದ್ದರೆ ಜಾಸ್ತಿ. ಒಂದು ದಿನಕ್ಕೆ ಬೇಕಾದಷ್ಟೇ ಮಾಡಿ. ನಮ್ಮ ಸೆಕೆಗೆ ಮಾರನೇ ದಿನ ನಾತ ಹೊಡೆಯುತ್ತದೆ.

ಇಡೀ ಮುಖಕ್ಕೆ, ಕಣ್ಣನ್ನೂ ಸೇರಿಸಿ, ತೆಳ್ಳಗೆ ಹಚ್ಚುತ್ತಾ ಹೋಗಿ. ಹೌದು, ಕಷ್ಟಪಟ್ಟು ಮಾಡಿದ ಕಣ್ಣು ಮುಚ್ಚಿಹೋಗುತ್ತದೆ. ಹೋಗಲಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ದಪ್ಪ ಎರಡು ಪದರಕ್ಕಿಂತ ತೆಳು ಹತ್ತು ಪದರ ಎಷ್ಟೋ ಮೇಲು. ನಡುವಿನ ಪದರದಲ್ಲಿ ಮೂಗಿನ ತುದಿ, ತುಟಿ, ರೆಪ್ಪೆಯ ಅಂಚು ಇವಕ್ಕೆ ದಪ್ಪ ಗೊಫುನ್ ಅನ್ನು ಕುಂಚದ ತುದಿಯಿಂದ ಹನಿಯಿಟ್ಟು ಎಬ್ಬಿಸಬೇಕು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡುವುದನ್ನು ಹತ್ತಿರದಿಂದ ನೋಡಿದವರಿಗೆ ಈ ಕೈ ಬೇಗ ಬರುತ್ತದೆ. ಅದೇ ತಾಳ್ಮೆ, ಅದೇ ಹನಿ, ಬೇರೆ ಮುಖ. ಕೊನೆಯ ಪದರಗಳಿಗೆ ಚೂರೇ ಚೂರು ಕೆಂಪು, ಹಳದಿ ಬೆರೆಸಿ. ಅಪ್ಪಟ ಬಿಳಿ ಬಿಟ್ಟರೆ ಹೆಣದ ಮುಖ ಆಗುತ್ತದೆ.

ಈಗ ಕಣ್ಣು ಬಿಡಿಸುವುದು. ಒದ್ದೆ ಕುಂಚದಿಂದ ಕಣ್ಣಿನ ಗೆರೆಯನ್ನಷ್ಟೇ ತೇವ ಮಾಡಿ, ಹರಿತವಾದ ಸಣ್ಣ ಬ್ಲೇಡಿನಿಂದ ನಡುವಿನಲ್ಲಿ ಒಂದು ಸೀಳು. ಗಾಜು ಮಿನುಗುತ್ತದೆ. ಅಲ್ಲಿಂದ ಎರಡೂ ಬದಿಗೆ ಚೂರು ಚೂರೇ ಕೆರೆಯುತ್ತಾ ಬನ್ನಿ. ಪ್ಲಾಸ್ಟಿಕ್ ಕಣ್ಣಾದರೆ ಇಲ್ಲಿ ಗೀರು ಬೀಳುತ್ತದೆ, ಗಾಜು ಬೇಕು ಅಂದದ್ದು ಇದಕ್ಕೇ. ಮೇಲಿನ ರೆಪ್ಪೆ ಪಾಪೆಯ ವರ್ತುಲದ ಮೇಲ್ಭಾಗವನ್ನು ಸ್ವಲ್ಪ ಮುಚ್ಚಿರಲಿ. ಪೂರ್ತಿ ತೆರೆದರೆ ಗಾಬರಿಯಾದ ಮುಖ, ಜಾಸ್ತಿ ಮುಚ್ಚಿದರೆ ನಿದ್ದೆ. ಎಲ್ಲಿ ನಿಲ್ಲಿಸಬೇಕು ಅಂತ ಪುಸ್ತಕ ನೋಡಿ ಹೇಳಲು ಬರುವುದಿಲ್ಲ. ಪ್ರತೀ ಕೆರೆತಕ್ಕೆ ಒಮ್ಮೆ ಬ್ಲೇಡ್ ಕೆಳಗಿಟ್ಟು ದೂರದಿಂದ ನೋಡಿ.

ಬಾಯಿ, ಕೂದಲು, ಬೆಳಕು

ತುಟಿಯ ಕೊನೆಗಳನ್ನು ಮೇಲೆತ್ತಬೇಡಿ, ಇಳಿಸಲೂ ಬೇಡಿ. ನಗುವೂ ಇಲ್ಲ, ಮುನಿಸೂ ಇಲ್ಲ. ನಡುವೆ ಒಂದು ಕೂದಲೆಳೆ ತೆರೆದಿರಲಿ, ಅಲ್ಲಿ ಮಾತ್ರ ಗಾಢ ಕೆಂಪು, ಅಂಚಿಗೆ ಬರುತ್ತಾ ಮಾಸಲಿ. ರೆಪ್ಪೆಯ ಮೇಲೆ, ಮೂಗಿನ ಕೆಳಗೆ ನಸುಗೆಂಪು ಪುಡಿಬಣ್ಣ. ಅಮಾನೊ ಕಾತಾನ್ ಎಂಬ ಕಲಾವಿದೆ (1953–1990) ಕಣ್ಣಿನ ಸುತ್ತ ಕತ್ತಲು ತುಂಬಿ ಬೇರೆಯೇ ಥರದ ನೋವಿನ ಮುಖ ಮಾಡುತ್ತಿದ್ದರು, ಅದು ಅವರಿಗೇ ಸರಿ. ಮೊದಲ ತಲೆಗೆ ಅದನ್ನು ಅನುಕರಿಸಿದರೆ ನಿದ್ದೆಗೆಟ್ಟವರ ಹಾಗೆ ಕಾಣುತ್ತದೆ ಅಷ್ಟೇ. ಚೌಕಿಯ ಬಣ್ಣ ಇದೆಯಲ್ಲ ಅಂತ ಎಣ್ಣೆಯಲ್ಲಿ ಕಲಸಿದ ಇಂಗ್ಲೀಕದ ಕೆಂಪು ತರಬೇಡಿ. ಗೊಫುನ್ ಎಣ್ಣೆ ಹೀರಿಕೊಂಡು ಕಲೆ ಆಗುತ್ತದೆ.

ಕೂದಲಿಗೆ ಫ್ಯಾನ್ಸಿ ಅಂಗಡಿಯ ಚೌರಿ ಸಾಕು, ನಿಜ ಕೂದಲಿನದ್ದಾದರೆ ಒಳ್ಳೆಯದು. ಎಳೆಗಳ ಸಣ್ಣ ಕಟ್ಟು ಮಾಡಿ ಒಂದು ತುದಿಯನ್ನು ಮಾತ್ರ ಅಂಟಿಸಿ. ಉದ್ದ ಎಳೆಯನ್ನು ಮಡಚಿ ನಡುವಿನಲ್ಲಿ ಅಂಟಿಸಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಅಂಟು ಸಡಿಲ ಆದಾಗ ಒಂದು ಬದಿ ಜಾರಿ ಉದ್ದವಾಗುತ್ತದೆ. ಹೊಕ್ಕೈಡೋದ ಮನ್ನೆಂಜಿ ದೇವಾಲಯದಲ್ಲಿ ಒಕಿಕು ಎಂಬ ಬೊಂಬೆ ಇದೆ, ಅದರ ಕೂದಲು ಬೆಳೆಯುತ್ತದೆ ಅಂತ ಪ್ರಸಿದ್ಧಿ. ಅಂಥ ಕಥೆಗಳಿಗೆ ಈ ಜಾರುವ ಕೂದಲೇ ಕಾರಣ ಅನ್ನುವವರಿದ್ದಾರೆ. ಕಥೆ ಬೇಕಿದ್ದರೆ ಮಡಚಿ ಅಂಟಿಸಿ, ನನ್ನ ಅಭ್ಯಂತರ ಇಲ್ಲ.

ಇಡುವಾಗ ಟ್ಯೂಬ್‌ಲೈಟಿನ ಕೆಳಗೆ ಇಡಬೇಡಿ, ಎಲ್ಲ ಸಪಾಟಾಗಿ ಕಾಣುತ್ತದೆ. ಒಂದೇ ಬದಿಯ ಬೆಳಕು ಸಾಕು. ಜಪಾನಿನ ನೋ ನಾಟಕದ ಮುಖವಾಡವನ್ನು ಸ್ವಲ್ಪ ಮೇಲೆತ್ತಿದರೆ ಮುಖ ಬೆಳಗಿದ ಹಾಗೆ, ಬಗ್ಗಿಸಿದರೆ ಮೋಡ ಕವಿದ ಹಾಗೆ ಕಾಣುತ್ತದೆ. ನಿಮ್ಮ ತಲೆಗೂ ಅದೇ ಪರೀಕ್ಷೆ. ಕರೆಂಟ್ ಹೋದ ಸಂಜೆ ಒಂದು ದೀಪ ಹಿಡಿದು ಬೊಂಬೆಯನ್ನು ನಿಧಾನ ಮೇಲೆ ಕೆಳಗೆ ಬಾಗಿಸಿ ನೋಡಿ. ಎಲ್ಲ ಕೋನದಲ್ಲೂ ಒಂದೇ ಭಾವ ಕಂಡರೆ ತುಟಿಗೆ ಬಣ್ಣ ಜಾಸ್ತಿಯಾಗಿದೆ. ಮಲಗುವ ಕೋಣೆಯಲ್ಲಿ ಮಂಚಕ್ಕೆ ಎದುರಾಗಿ ಇಡಬೇಡಿ. ನಿಮಗೆ ಏನೂ ಅನಿಸದಿರಬಹುದು, ರಾತ್ರಿ ನೀರು ಕುಡಿಯಲು ಎದ್ದ ಅಜ್ಜಿಗೆ ಅನಿಸುತ್ತದೆ.

ಮುಖವನ್ನು ಕೈಯಿಂದ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಂತೂ ಒರೆಸಲೇಬೇಡಿ. ಅಂಟು ನೀರಿಗೆ ಕರಗುವಂಥದ್ದು. ಮಳೆಗಾಲಕ್ಕೆ ಮೆದು ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಹಾಕಿದ ಮರದ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ಕರ್ಪೂರ ಇಡಬಹುದು, ನುಸಿಗುಳಿಗೆಯೂ ಇಡಬಹುದು, ಎರಡನ್ನೂ ಒಟ್ಟಿಗೆ ಮಾತ್ರ ಇಡಬೇಡಿ. ಸೇರಿದರೆ ಕರಗಿ ನೀರಾಗಿ ಬಟ್ಟೆಗೂ ಮುಖಕ್ಕೂ ಕಲೆ ಹತ್ತುತ್ತದೆ.

ಮುಖ ಸರಿ ಬರಲಿಲ್ಲ ಅಂತ ಬಿಸಾಡುವ ಅಗತ್ಯ ಇಲ್ಲ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮುಖದ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಬಿಳಿ ಮೆತ್ತಗಾಗಿ ಎದ್ದು ಬರುತ್ತದೆ. ಕೆರೆದು, ಒಣಗಿಸಿ, ಉಪ್ಪುಕಾಗದ ಉಜ್ಜಿ, ಅದೇ ಕಣ್ಣಿಗೆ ಹೊಸ ಮುಖ ಹಚ್ಚಬಹುದು. ಆ ಕೆರೆದ ನೀರಿಗೆ ಮೈಲುತುತ್ತು ಇಳಿದಿರಬಹುದು, ಹಟ್ಟಿಯ ಕಡೆಗೆ ಚೆಲ್ಲಬೇಡಿ.